ಅಂಕಿಯ ಎರಡು ತುದಿ

ಮುಂಗಾರು ಹಿಡಿದರೆ ಸಾಕು, ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಚಹಾದಂಗಡಿಗಳಲ್ಲಿ ಅಂಕಿಗಳದೇ ಮಾತು. ತುಂಗಭದ್ರಾ ಡ್ಯಾಮಿಗೆ ಒಳಹರಿವು ಎಷ್ಟು ಸಾವಿರ ಕ್ಯೂಸೆಕ್, ಈ ಹೊತ್ತಿಗೆ ಎಷ್ಟು ಟಿಎಂಸಿ ನಿಂತಿದೆ, ನೀರಾವರಿ ಸಲಹಾ ಸಮಿತಿಯ (ಐಸಿಸಿ) ಸಭೆ ಯಾವತ್ತು, ಎಡದಂಡೆ ಕಾಲುವೆಗೆ ನೀರು ಬಿಡುವುದು ಯಾವ ತಾರೀಖಿಗೆ, 47ನೇ ಮೈಲಿನಲ್ಲಿ ನೀರಿನ ಮಟ್ಟದ ಗೇಜು ಎಷ್ಟಿದೆ, 69ನೇ ಮೈಲಿಗೆ ಬರುವಾಗ ಎಷ್ಟಾಯಿತು, 104ಕ್ಕೆ ಎಷ್ಟು ಉಳಿಯಿತು. ಡ್ಯಾಮು ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105ಕ್ಕೆ ಇಳಿದಿದೆ ಎಂದು ಶಾಲೆ ಕಾಣದ ಹಿರಿಯರೂ ತಡವರಿಸದೆ ಹೇಳುತ್ತಾರೆ. ಅಂಕಿಸಂಖ್ಯೆಯನ್ನು ಇಷ್ಟು ಹಚ್ಚಿಕೊಂಡು ಬದುಕುವ ಜನ ಬೇರೆಡೆ ಇದ್ದಾರೋ ಇಲ್ಲವೋ, ನಾನಂತೂ ಕಂಡಿಲ್ಲ. ಅದು ಅವರ ಹವ್ಯಾಸವಲ್ಲ. ಆ ಅಂಕಿಯ ಮೇಲೆ ಬಿತ್ತನೆ ನಿಂತಿದೆ, ಸಾಲ ನಿಂತಿದೆ, ಮಗಳ ಮದುವೆ ನಿಂತಿದೆ.

ನಮ್ಮ ಪಾಮನಕಲ್ಲೂರಿಗೆ ಈ ಅಂಕಿಗಳ ಜೊತೆ ಇರುವ ನಂಟು ಇನ್ನೊಂದು ಬಗೆಯದು. ಒಂದು ಕಡೆ ತುಂಗಭದ್ರೆಯ ಎಡದಂಡೆ, ಇನ್ನೊಂದು ಕಡೆ ಕೃಷ್ಣೆಯ ನಾರಾಯಣಪುರ ಬಲದಂಡೆ. ಎರಡರ ಸುದ್ದಿಯೂ ಊರಿಗೆ ಮುಟ್ಟುತ್ತದೆ, ಸುತ್ತಲಿನ ಬಹಳಷ್ಟು ಹೊಲಗಳು ಮಾತ್ರ ಮುಗಿಲನ್ನೇ ನೋಡಬೇಕು. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಆಗಲೇಬೇಕೆಂದು 2020ರ ಕೊನೆಗೆ ಊರಲ್ಲಿ ಶುರುವಾದ ಧರಣಿ ನೂರು ದಿನ ದಾಟಿತು. 2021ರ ಏಪ್ರಿಲ್‌ನಲ್ಲಿ ಮಸ್ಕಿ ಉಪಚುನಾವಣೆ ಬಂದಾಗ ಅದೇ ದೊಡ್ಡ ಮಾತಾಯಿತು. ತಾಂತ್ರಿಕವಾಗಿ ಅದು ಆಗದು, ಏತ ನೀರಾವರಿಯಿಂದ ಕೊಡುತ್ತೇವೆ ಎಂದು ಸರಕಾರದ ಕಡೆಯವರು. ಹರಿದು ಬರುವ ನೀರೇ ಬೇಕು ಎಂದು ರೈತರು. ಎರಡೂ ಕಡೆ ಲೆಕ್ಕವಿತ್ತು. ಲೆಕ್ಕವನ್ನು ಯಾರು ಬರೆದರು, ಯಾರ ಹೊಲದಲ್ಲಿ ನಿಂತು ಬರೆದರು ಎಂಬಲ್ಲಿ ಜಗಳವಿತ್ತು.

ಹುಡುಗನಾಗಿದ್ದಾಗಿನಿಂದ ಕೇಳುತ್ತ ಬಂದ ಒಂದು ಪ್ರಶ್ನೆ ಇದೆ. ಗೇಜು ಸರಿಯಿದೆ ಎಂದು ಪತ್ರಿಕೆಯಲ್ಲಿ ಬಂದ ದಿನ ಕಾಲುವೆಯ ಕೊನೇ ಭಾಗದ ಯಾವನಾದರೂ ರೈತ ಕೇಳಿಯೇ ಕೇಳುತ್ತಾನೆ: “ಗೇಜು ಐತಿ ಅಂತೀರಿ, ಖರೆ. ನೀರು ಯಾರ ಹೊಲಕ್ಕ ಹೋತು, ಅದನ್ನ ಹೇಳ್ರಿ.” ಓದಿ, ದುಡಿದು, ಈಗ ಡೇಟಾ ಸೈನ್ಸ್ ಎಂಬ ಕೆಲಸದಿಂದ ಮ್ಯಾನೇಜರ್ ಎಂಬ ಕುರ್ಚಿಗೆ ಬಂದಿರುವ ನನಗೆ, ಈ ಬದಲಾವಣೆಯ ಅರ್ಥವೆಲ್ಲ ಆ ಪ್ರಶ್ನೆಯಲ್ಲೇ ಇದೆ ಅನ್ನಿಸುತ್ತದೆ. ಅಂಕಿಗೆ ಎರಡು ತುದಿ. ಒಂದು ತುದಿಯಲ್ಲಿ ಅದನ್ನು ಬರೆದುಕೊಳ್ಳುವ ಕೈ, ಇನ್ನೊಂದು ತುದಿಯಲ್ಲಿ ಅದು ತಾಗುವ ಮನುಷ್ಯ. ಡೇಟಾ ಸೈನ್ಸಿನವರು ಬಹುಪಾಲು ನಡುವೆ ಕೂತು ಕೆಲಸ ಮಾಡುತ್ತಾರೆ. ಮ್ಯಾನೇಜರ್ ಆದವನು ಎರಡೂ ತುದಿಗೆ ನಡೆದು ಹೋಗಬೇಕು.

ನಡುವಿನ ಆ ಜಾಗ ಸುಖದ ಜಾಗ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಉಪಗ್ರಹದ ಚಿತ್ರ ನೋಡಿ ಯಾವ ಹೊಲದಲ್ಲಿ ಯಾವ ಬೆಳೆ ಇದೆ ಎಂದು ಗುರುತಿಸುವ ಮಾಡೆಲ್ ಕಟ್ಟುವುದು ನಮ್ಮ ತಂಡದ ಕೆಲಸ. ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತರೆ ಮಧ್ಯಾಹ್ನದ ಊಟದ ನೆನಪಾಗದಂಥ ದಿನಗಳಿದ್ದವು. ಒಂದು ಕಾಲಮ್ಮಿನಲ್ಲಿ ಎಲ್ಲೋ ತಪ್ಪಿದೆ ಎಂದು ಗುಮಾನಿ ಬರುವುದು, ಬೆನ್ನು ಹತ್ತುವುದು, ಸಂಜೆಯ ಹೊತ್ತಿಗೆ ಅದು ಸಿಕ್ಕಿಬೀಳುವುದು, ಮಾಡೆಲ್ ಮತ್ತೆ ಓಡಿಸಿದಾಗ ಫಲಿತಾಂಶ ಒಂದು ಗೆರೆ ಮೇಲೇರುವುದು. ಆ ಹೊತ್ತಿನ ಸಂತೋಷವನ್ನು ಯಾರೊಂದಿಗೂ ಹಂಚಿಕೊಳ್ಳಬೇಕಿರಲಿಲ್ಲ. ಸರಿ ಉತ್ತರ ಸರಿಯೇ. ಅದು ಮುನಿಸಿಕೊಳ್ಳುವುದಿಲ್ಲ, ರಜೆ ಕೇಳುವುದಿಲ್ಲ, ಬೇರೆ ಕಂಪನಿಗೆ ಹೋಗುತ್ತೇನೆ ಎನ್ನುವುದಿಲ್ಲ.

ತಂಡ ನಡೆಸಲು ಒಪ್ಪಿಕೊಂಡ ಸುದ್ದಿಯನ್ನು ಊರಿಗೆ ಫೋನು ಮಾಡಿ ಹೇಳಿದಾಗ ಅವ್ವ ಬಹಳ ಖುಷಿಪಟ್ಟಳು. ಡೇಟಾ ಸೈಂಟಿಸ್ಟ್ ಅಂದರೇನೆಂದು ನೆರೆಯವರಿಗೆ ಹೇಳಲು ಅವಳಿಗೆ ಇಷ್ಟು ವರ್ಷ ಆಗಿರಲಿಲ್ಲ. ಮ್ಯಾನೇಜರ್ ಅಂದರೆ ಎಲ್ಲರಿಗೂ ಗೊತ್ತು. ನಮ್ಮ ಕಡೆ ಮ್ಯಾನೇಜರ್ ಅಂದರೆ ಬ್ಯಾಂಕಿನ ಮ್ಯಾನೇಜರ್. ಬೆಳೆ ಸಾಲಕ್ಕೆ ಪಹಣಿ ಹಿಡಿದುಕೊಂಡು ಹೋದ ರೈತ ಆ ಟೇಬಲ್ಲಿನ ಮುಂದೆ ನಿಂತು, ಮುಖ ನೋಡಿ, ಇವತ್ತು ಆಗುತ್ತದೋ ಇಲ್ಲವೋ ಎಂದು ಅಂದಾಜು ಹಾಕುತ್ತಾನೆ. ಫೋನು ದೊಡ್ಡಪ್ಪನ ಕೈಗೆ ಹೋಯಿತು. ಅವರು ಕೇಳಿದ್ದು ಒಂದೇ ಮಾತು: “ಚಲೋ ಆತು ತಮ್ಮ. ನಿನ್ನ ಕೈಕೆಳಗ ಎಷ್ಟ್ ಮಂದಿ ಅದಾರ? ಅವ್ರು ಆರಾಮ ಅದಾರೇನು?” ಸಂಬಳ ಎಷ್ಟು ಹೆಚ್ಚಿತು ಎಂದು ಅವರು ಕೇಳಲಿಲ್ಲ. ನಾಲ್ಕು ಮಂದಿಯನ್ನು ಕಟ್ಟಿಕೊಂಡು ಕಳೆ ತೆಗೆಸಿದವರು, ಹತ್ತಿ ಬಿಡಿಸಿದವರು ಅವರು. ಮಂದಿ ಆರಾಮಿಲ್ಲದೆ ಕೆಲಸ ಸಾಗದು ಎಂಬುದು ಅವರಿಗೆ ಹೊಲವೇ ಕಲಿಸಿದ ಪಾಠ.

ಇಂಟೆಲ್ ಕಂಪನಿಯನ್ನು ನಡೆಸಿದ ಆಂಡ್ರ್ಯೂ ಗ್ರೋವ್ 1983ರಲ್ಲಿ ಬರೆದ ಪುಸ್ತಕದ ತಿರುಳೂ ಹೆಚ್ಚುಕಡಿಮೆ ಇದೇ. ಮ್ಯಾನೇಜರನ ಉತ್ಪಾದನೆ ಅಂದರೆ ಅವನ ತಂಡದ ಉತ್ಪಾದನೆ, ಅದರ ಜೊತೆಗೆ ಅವನ ಪ್ರಭಾವ ಮುಟ್ಟುವ ಅಕ್ಕಪಕ್ಕದ ತಂಡಗಳ ಉತ್ಪಾದನೆ; ಅವನು ಕೈಯಾರೆ ಮಾಡಿದ್ದಕ್ಕೆ ಅಲ್ಲಿ ಬೇರೆ ಲೆಕ್ಕವಿಲ್ಲ. ಗೂಗಲ್ಲಿನಲ್ಲಿ 2008-09ರ ಸುಮಾರಿಗೆ ಇನ್ನೊಂದು ಕೆಲಸ ನಡೆಯಿತು. ಮ್ಯಾನೇಜರುಗಳಿಂದ ನಿಜಕ್ಕೂ ಪ್ರಯೋಜನವಿದೆಯೇ ಎಂಬುದನ್ನು ಅಲ್ಲಿನ ಅಂಕಿಅಂಶದವರೇ ಅಳೆಯಲು ಹೊರಟರು. ಪ್ರಾಜೆಕ್ಟ್ ಆಕ್ಸಿಜನ್ ಎಂದು ಅದಕ್ಕೆ ಹೆಸರು. ಪ್ರಯೋಜನವಿದೆ ಎಂದು ಅಂಕಿಗಳು ಹೇಳಿದವು. ಒಳ್ಳೆಯ ಮ್ಯಾನೇಜರಿನ ಎಂಟು ಗುಣಗಳನ್ನು ಅವರು ಪಟ್ಟಿ ಮಾಡಿದಾಗ ಮೊದಲನೆಯದು ಕಲಿಸಿ ಬೆಳೆಸುವ ಗುಣ. ತಾಂತ್ರಿಕ ಜಾಣ್ಮೆ ಎಂಟನೆಯದು. ತಾಂತ್ರಿಕ ಜಾಣ್ಮೆಯನ್ನೇ ದೇವರೆಂದು ನಂಬಿದ ಕಂಪನಿಯಲ್ಲಿ ಬಂದ ಫಲಿತಾಂಶ ಇದು. ಆ ಜಾಣ್ಮೆ ಬೇಡವೆಂದು ಇದರ ಅರ್ಥವಲ್ಲ, ಪಟ್ಟಿಯಲ್ಲಿ ಅದೂ ಇದೆ. ಅದೊಂದರಿಂದಲೇ ಮಂದಿಯನ್ನು ನಡೆಸಲಾಗದು, ಅಷ್ಟೇ.

ಮೊದಲ ತುದಿಗೆ ಬರೋಣ. ಅಂಕಿ ಹುಟ್ಟುವ ಜಾಗವನ್ನು ನೋಡಬೇಕೆಂದರೆ ಬೆಳೆ ಕಟಾವು ಪ್ರಯೋಗ ನಡೆಯುವ ದಿನ ಹೊಲಕ್ಕೆ ಹೋಗಬೇಕು. ಫಸಲ್ ಬಿಮಾ ಯೋಜನೆಯ ಪರಿಹಾರ ಎಷ್ಟು ಎಂದು ತೀರ್ಮಾನವಾಗುವುದು ಈ ಪ್ರಯೋಗದಿಂದ. ಗ್ರಾಮ ಪಂಚಾಯಿತಿಯ ಕೆಲವು ಸರ್ವೆ ನಂಬರುಗಳು ಆಯ್ಕೆಯಾಗಿ ಬಂದಿರುತ್ತವೆ. ಸರಕಾರಿ ನೌಕರ ಮೊಬೈಲ್ ಹಿಡಿದು ಬರುತ್ತಾನೆ, ಹೊಲದ ಯಜಮಾನ ಇರುತ್ತಾನೆ, ವಿಮೆ ಕಂಪನಿಯ ಕಡೆಯವನೊಬ್ಬ ಇರುತ್ತಾನೆ. ಸಜ್ಜೆಯ ಹೊಲವಾದರೆ ಐದು ಮೀಟರ್ ಉದ್ದ, ಐದು ಮೀಟರ್ ಅಗಲ ಅಳೆದು, ನಾಲ್ಕು ಮೂಲೆಗೆ ಗೂಟ ಬಡಿದು, ಸುತ್ತ ಹಗ್ಗ ಕಟ್ಟುತ್ತಾರೆ. ಒಳಗಿನ ತೆನೆಗಳನ್ನಷ್ಟೇ ಕೊಯ್ದು, ಬಡಿದು, ತೂರಿ, ತೂಗಿ, ಬಂದ ತೂಕವನ್ನು ಮೊಬೈಲಿಗೆ ಹಾಕುತ್ತಾರೆ. ಹಗ್ಗ ಎಳೆದು ಕಟ್ಟಿದ ಮೇಲೆ ಸರಿಯಾಗಿ ಹಗ್ಗದ ಕೆಳಗೇ ಒಂದು ಗಿಡ ನಿಂತಿರುತ್ತದೆ. ಅದು ಒಳಗೋ, ಹೊರಗೋ? ಅದರ ತೆನೆ ಗಟ್ಟಿಯಾಗಿದ್ದರೆ ಕುಡುಗೋಲು ತಾನಾಗಿಯೇ ಆ ಕಡೆ ಹೋಗುತ್ತದೆ. ಬಿಸಿಲಿಗೆ ಎಲ್ಲರೂ ಬೆವರುತ್ತಿರುತ್ತಾರೆ, ಮುಂದಿನ ಊರಿಗೆ ಹೊತ್ತಾಗಿರುತ್ತದೆ. ಆ ಗಿಡದ ತೀರ್ಮಾನ ಅರ್ಧ ನಿಮಿಷದಲ್ಲಿ ಆಗಿಬಿಡುತ್ತದೆ. ಇಡೀ ಪಂಚಾಯಿತಿಯ ಸರಾಸರಿ ಇಳುವರಿಯೊಳಗೆ ಆ ಅರ್ಧ ನಿಮಿಷವೂ ಸೇರಿಕೊಂಡಿರುತ್ತದೆ.

ಈ ಗಿಡವನ್ನು ಮೊದಲು ಗಮನಿಸಿದವರಲ್ಲಿ ಪ್ರಶಾಂತಚಂದ್ರ ಮಹಾಲನೋಬಿಸ್ ಒಬ್ಬರು. ಓದಿದ್ದು ಭೌತಶಾಸ್ತ್ರ, ಹಿಡಿದದ್ದು ಅಂಕಿಸಂಖ್ಯೆ. ಉತ್ತರ ಬಂಗಾಳದ 1922ರ ನೆರೆಯ ನಂತರ, ನೀರು ತಡೆದು ನಿಲ್ಲಿಸುವ ದೊಡ್ಡ ಜಲಾಶಯಗಳನ್ನು ಕಟ್ಟಬೇಕೆಂದು ತಜ್ಞರು ಹೇಳಿದ್ದರು. ಇವರು ಐವತ್ತು ವರ್ಷಗಳ ಮಳೆ, ನೆರೆಯ ದಾಖಲೆ ತೆಗೆದು ನೋಡಿ, ಅದರಿಂದ ಫಲವಿಲ್ಲ, ನೀರು ಬೇಗ ಹರಿದು ಹೋಗುವ ದಾರಿ ಮಾಡಿ ಎಂದರು. 1931ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆ ಹುಟ್ಟಿದ್ದು ಅವರಿಂದ. ಮುಂದೆ ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆ ಕೈಗೆ ತೆಗೆದುಕೊಂಡಾಗ ಅವರಿಗೆ ಎದುರಾದದ್ದು ಬರೀ ಗಣಿತದ ಸಮಸ್ಯೆಯಾಗಿರಲಿಲ್ಲ. ಕಟಾವಿನ ತುಂಡು ಚಿಕ್ಕದಾದಷ್ಟೂ ಇಳುವರಿ ಹೆಚ್ಚು ಕಾಣುತ್ತಿತ್ತು. ಅಂಚಿನ ಗಿಡಗಳು ಒಳಗೆ ಸೇರುತ್ತಿದ್ದವು. ಅಳೆಯುವವನು ದಣಿದರೆ, ಅವಸರ ಮಾಡಿದರೆ, ಹೆದರಿದರೆ ಅಂಕಿ ಕೆಡುತ್ತದೆ ಎಂದು ತಿಳಿದಿದ್ದ ಅವರು, ಒಂದೇ ಪ್ರದೇಶಕ್ಕೆ ಎರಡು ಗುಂಪುಗಳನ್ನು ಒಂದರ ಸುಳಿವು ಇನ್ನೊಂದಕ್ಕೆ ಹತ್ತದಂತೆ ಕಳಿಸಿ, ಎರಡರ ಲೆಕ್ಕವನ್ನೂ ತಾಳೆ ನೋಡುವ ಪದ್ಧತಿ ತಂದರು. ಸಾಂಖ್ಯಿಕ ಶಾಸ್ತ್ರದ ಪುಸ್ತಕದಲ್ಲಿ ಅದು ಒಂದು ವಿಧಾನ. ಕಣ್ಣಿಟ್ಟು ನೋಡಿದರೆ ಅದು ಮಂದಿಯನ್ನು ನಡೆಸುವ ಕಲೆ.

ನಮ್ಮ ತಂಡಕ್ಕೂ ಅಂಥ ಕೈಗಳಿವೆ. ಮಾಡೆಲ್ಲಿಗೆ ಕಲಿಸಬೇಕಾದರೆ ಮೊದಲು ಯಾರೋ ಹೊಲಕ್ಕೆ ಹೋಗಿ, ಬದುವಿನ ಮೇಲೆ ನಿಂತು, ಇದು ಹತ್ತಿ, ಇದು ತೊಗರಿ, ಇದು ಭತ್ತ ಎಂದು ಫೋಟೊ ತೆಗೆದು ಗುರುತು ಹಾಕಬೇಕು. ಸರಕಾರದ ಬೆಳೆ ಸಮೀಕ್ಷೆಗೆ ಊರಿನ ಹುಡುಗರು ಪಿಆರ್ (ಖಾಸಗಿ ನಿವಾಸಿ) ಎನ್ನಿಸಿಕೊಂಡು ಹೋಗುತ್ತಾರಲ್ಲ, ಹಾಗೆಯೇ ನಮಗೂ ಅಲ್ಲಲ್ಲಿ ಹುಡುಗರಿದ್ದಾರೆ. ನಡುವೆ ಕೂತಿದ್ದಾಗ ಅವರು ನನಗೆ ಒಂದು ಕಾಲಮ್ಮಿನ ಹೆಸರಾಗಿದ್ದರು. ಮ್ಯಾನೇಜರ್ ಆದಮೇಲೆ ನಾನು ಮಾಡಿದ ಮೊದಲ ಕೆಲಸ, ತಂಡದ ಎಲ್ಲರನ್ನೂ ಸಿಂಧನೂರು ಸೀಮೆಗೆ ಕರೆದುಕೊಂಡು ಬಂದು ಆ ಹುಡುಗರ ಹಿಂದೆ ಬೈಕಿನಲ್ಲಿ ಕೂರಿಸಿದ್ದು. ಒಂದು ಹೊಲಕ್ಕೆ ಎಷ್ಟು ಕೂಲಿ, ಪೆಟ್ರೋಲಿಗೆ ಅದರಲ್ಲಿ ಎಷ್ಟು ಹೋಗುತ್ತದೆ, ಕರಿಮಣ್ಣಿನಲ್ಲಿ ಮಳೆ ಬಂದ ದಿನ ಗಾಲಿ ಹೇಗೆ ಕಚ್ಚಿಕೊಳ್ಳುತ್ತದೆ, ಸಿಗ್ನಲ್ ಇಲ್ಲದ ಕಡೆ ಆ್ಯಪ್ ನಿಂತರೆ ಏನು ಮಾಡುತ್ತಾರೆ, ಎಲ್ಲವನ್ನೂ ಅವರ ಬಾಯಿಂದಲೇ ಕೇಳಿದೆವು. ಬೆಂಗಳೂರಿಗೆ ಮರಳಿದ ಮೇಲೆ ಕೂಲಿ ಹೆಚ್ಚಿಸಿದೆವು, ದಿನಕ್ಕೆ ಇಷ್ಟೇ ಹೊಲ ಎಂದು ಮಿತಿ ಹಾಕಿದೆವು, ಗೊತ್ತಾಗದಿದ್ದರೆ “ಗೊತ್ತಿಲ್ಲ” ಎಂದು ಗುರುತು ಹಾಕಲು ಒಂದು ಜಾಗ ಮಾಡಿದೆವು. ಡೇಟಾದ ಗುಣಮಟ್ಟ ಸುಧಾರಿಸಿದ್ದು ಅಲ್ಲಿಂದ. ಅದಕ್ಕೆ ಹೊಸ ಮಾಡೆಲ್ಲೇನೂ ಬೇಕಾಗಲಿಲ್ಲ.

ಇನ್ನೊಂದು ತುದಿ ಕಾಲುವೆಯ ಕೊನೆ. ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ. ಕಾಗದದ ಮೇಲೆ ಇಲ್ಲಿ ಹೆಚ್ಚಿನ ಜಾಗಕ್ಕೆ ಗೊತ್ತುಮಾಡಿದ್ದು ಕಡಿಮೆ ನೀರಿನ ಬೆಳೆ. ನೀರು ಕಂಡ ಮೇಲ್ಭಾಗದವರು ಭತ್ತ ನೆಟ್ಟರು. ತೂಬುಗಳು ಹಿಗ್ಗಿದವು, ಮೋಟಾರುಗಳು ಕಾಲುವೆಗೆ ಇಳಿದವು. ಪೀಟರ್ ಮೊಲಿಂಗಾ ಎಂಬ ನೆದರ್ಲೆಂಡ್ಸಿನ ಸಂಶೋಧಕರು ಈ ಕಾಲುವೆಯ ನೀರು ಹಂಚಿಕೆಯ ಮೇಲೆಯೇ ಒಂದು ದೊಡ್ಡ ಅಧ್ಯಯನ ಮಾಡಿ ಪುಸ್ತಕ ಬರೆದಿದ್ದಾರೆ. ಅದರಿಂದ ಹೊರಗಿನವರಿಗೆ ತಿಳಿದದ್ದು ನಮ್ಮವರಿಗೆ ಬದುಕಿನಿಂದಲೇ ತಿಳಿದಿತ್ತು: ಡ್ಯಾಮಿನಿಂದ ಬಿಟ್ಟ ನೀರಿನ ಒಟ್ಟು ಲೆಕ್ಕ ಎಷ್ಟೇ ಸರಿಯಿದ್ದರೂ, ಹಂಚಿಕೆ ಕೆಟ್ಟರೆ ಕೊನೇ ಭಾಗದವನ ಪಾಲಿಗೆ ಆ ಲೆಕ್ಕ ಇದ್ದೂ ಇಲ್ಲ. ಕಾಲುವೆ ಗುಂಟ ನಿಷೇಧಾಜ್ಞೆ ಹಾಕುವ ದಿನ ಬರುವುದು ಅದಕ್ಕೇ.

ತಂಡವೆಂಬುದೂ ಕಾಲುವೆಯ ಹಾಗೆ. ಸಮಯ, ಮಾತು, ಒಳ್ಳೆಯ ಕೆಲಸ, ಹೊಗಳಿಕೆ, ಕಲಿಯುವ ಅವಕಾಶ ಇವೆಲ್ಲ ಮೇಲಿನಿಂದ ಹರಿದು ಬರುತ್ತವೆ. ಮೀಟಿಂಗಿನಲ್ಲಿ ಗಟ್ಟಿಯಾಗಿ ಮಾತಾಡುವವರು, ಇಂಗ್ಲಿಷು ಸಲೀಸಾದವರು, ಮ್ಯಾನೇಜರನ ಪಕ್ಕದ ಸೀಟಿನವರು ಮೇಲ್ಭಾಗದ ರೈತರು. ಕನ್ನಡ ಮಾಧ್ಯಮದಲ್ಲಿ ಓದಿ, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371ಜೆ ವಿಧಿಯಡಿ ಸೀಟು ಪಡೆದು, ಕಷ್ಟಪಟ್ಟು ಇಲ್ಲಿಯವರೆಗೆ ಬಂದ ಹುಡುಗಿ ಕೊನೇ ತೂಬಿನಲ್ಲಿ ಕೂತಿರುತ್ತಾಳೆ. ತಂಡದ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಅವಳ ಹೊಲ ಒಣಗಿರುತ್ತದೆ.

ಅಂಥ ಒಬ್ಬಳು ನಮ್ಮಲ್ಲಿದ್ದಳು. ಗ್ರಾಹಕರಿಗೆ ವರದಿ ಕೊಡುವ ಮುಂಚಿನ ಮೀಟಿಂಗು. ದೊಡ್ಡ ಪರದೆಯ ಮೇಲೆ ಮಾಡೆಲ್ಲಿನ ಒಟ್ಟು ನಿಖರತೆ ಮೂಡಿತ್ತು, ಎಲ್ಲರ ಮುಖದಲ್ಲೂ ಸಮಾಧಾನ. ಅವಳು ಮೆಲ್ಲಗೆ, “ಸರ್, ಸಾಲು ಬೆಳೆ ಇರೋ ಕಡೆ ಹೆಂಗೈತಿ ನೋಡೋಣ್ರಿ” ಎಂದಳು. ಮಾತು ಮುಂದಿನ ವಿಷಯಕ್ಕೆ ಹೊರಟುಹೋಗಿತ್ತು. ನಾನು ಮೀಟಿಂಗು ನಿಲ್ಲಿಸಿ ಅವಳ ಲ್ಯಾಪ್‌ಟಾಪನ್ನೇ ಪರದೆಗೆ ಹಚ್ಚಿಸಿದೆ. ನೀರಾವರಿಯ ಭತ್ತದ ಗದ್ದೆಗಳಲ್ಲಿ ಮಾಡೆಲ್ ಚೆನ್ನಾಗಿ ಗುರುತಿಸುತ್ತಿತ್ತು. ಮಳೆಯಾಶ್ರಿತ ಹೊಲಗಳಲ್ಲಿ, ಸಜ್ಜೆಯ ನಡುವೆ ತೊಗರಿ ಸಾಲು ಹಾಕುವ ಕಡೆ, ತೊಗರಿಯನ್ನು ಬಿಟ್ಟೇಬಿಡುತ್ತಿತ್ತು. ಭತ್ತದ ಗದ್ದೆಗಳ ಸಂಖ್ಯೆ ಹೆಚ್ಚಿದ್ದರಿಂದ ಒಟ್ಟು ಅಂಕಿ ಚಂದ ಕಾಣುತ್ತಿತ್ತು. ಅಂದರೆ ನೀರಿದ್ದವನ ಬೆಳೆಯನ್ನು ನಾವು ಕಾಣುತ್ತಿದ್ದೆವು, ನೀರಿಲ್ಲದವನ ಬೆಳೆಯನ್ನು ಕಾಣುತ್ತಿರಲಿಲ್ಲ. ಪಾಮನಕಲ್ಲೂರಿನ ಸುತ್ತಲಿನ ಹೊಲಗಳೇ ಆ ಕಾಣದ ಹೊಲಗಳು. ಪರದೆಯ ಮುಂದೆ ಯಾರೂ ಮಾತಾಡಲಿಲ್ಲ. ಅವಳು ಒಂದೊಂದೇ ಹೊಲ ತೆರೆದು ತೋರಿಸುತ್ತ ಹೋದಳು, ಫೋಟೊದಲ್ಲಿ ತೊಗರಿ ಎದೆಯೆತ್ತರಕ್ಕೆ ನಿಂತಿತ್ತು.

ಡೇಟಾ ಸೈಂಟಿಸ್ಟ್ ಆಗಿದ್ದರೆ ಆ ರಾತ್ರಿಯೇ ಕೂತು ಮಾಡೆಲ್ ತಿದ್ದಲು ತೊಡಗುತ್ತಿದ್ದೆ. ಮ್ಯಾನೇಜರನಿಗೆ ಬೇರೆ ಕೆಲಸವಿತ್ತು. ವರದಿಯ ತಾರೀಖು ಮುಂದೆ ಹಾಕಬೇಕೆಂದು ಮೇಲಿನವರನ್ನು ಒಪ್ಪಿಸಬೇಕು. ಒಣಭೂಮಿಯ ಹೊಲಗಳ ಫೋಟೊ ಮತ್ತಷ್ಟು ತರಿಸಲು ದುಡ್ಡು ಕೇಳಬೇಕು. ವರದಿಯಲ್ಲಿ ಒಟ್ಟು ನಿಖರತೆಯ ಜೊತೆಗೆ ನೀರಾವರಿ, ಮಳೆಯಾಶ್ರಿತ ಎಂದು ಬೇರೆ ಬೇರೆ ಅಂಕಿ ಕೊಡಲೇಬೇಕೆಂದು ಹಟ ಹಿಡಿಯಬೇಕು. ಆ ಕೆಲಸದ ಮುಂದಾಳತ್ವವನ್ನು ಆ ಹುಡುಗಿಗೇ ಕೊಟ್ಟು, ಅವಳಿಗಿಂತ ಹಳಬರಾದ ಇಬ್ಬರನ್ನು ಅವಳ ಸಹಾಯಕ್ಕೆ ನಿಲ್ಲಿಸಿ, ಅವರ ಮುಜುಗರ ಕಳೆಯುವಂತೆ ಮಾತಾಡಬೇಕು. ಇದರಲ್ಲಿ ಒಂದು ಸಾಲು ಕೋಡೂ ಇಲ್ಲ. ಆದರೂ ನನ್ನ ವೃತ್ತಿಯಲ್ಲಿ ಇಷ್ಟು ನೆಮ್ಮದಿ ಕೊಟ್ಟ ಕೆಲಸ ಇನ್ನೊಂದಿಲ್ಲ.

ಮಸ್ಕಿಯ ಬಂಡೆ ಈ ಹೊತ್ತಿಗೆ ನೆನಪಾಗುತ್ತದೆ. ಬಂಗಾರದ ಅದಿರು ಹುಡುಕುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರ್ 1915ರಲ್ಲಿ ಅಲ್ಲಿ ಅಶೋಕನ ಶಾಸನ ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರೂ ಇರುವುದರಿಂದ ಅದು ಲೋಕಪ್ರಸಿದ್ಧ. ನಮ್ಮ ಶಾಲೆಗಳಲ್ಲಿ ಹೆಸರಿನ ವಿಷಯವನ್ನಷ್ಟೇ ಹೇಳಿಕೊಡುತ್ತಾರೆ. ಅದರಲ್ಲಿರುವ ಮಾತು ನನಗೆ ಅದಕ್ಕಿಂತ ದೊಡ್ಡದು. ಧರ್ಮದಲ್ಲಿ ನಿಂತರೆ ಸಣ್ಣವನಿಗೂ ಎತ್ತರಕ್ಕೇರುವುದು ಸಾಧ್ಯ, ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ ಎಂಬುದು ಅದರ ಸಾರ. ಆಳುವವನೊಬ್ಬ ತನ್ನ ಕೈಕೆಳಗಿನವರಿಗೆ ಹೇಳಬೇಕಾದ ಮಾತು ಇದಕ್ಕಿಂತ ಬೇರೆ ಏನಿದೆ? ಕೊನೇ ತೂಬಿನಲ್ಲಿ ಕೂತವರಿಗೆ ಅದನ್ನು ಬಾಯಲ್ಲಿ ಹೇಳಿದರೆ ಸಾಲದು, ಕೆಲಸ ಕೊಟ್ಟು ತೋರಿಸಬೇಕು.

ಕುರ್ಚಿಗೆ ಬಂದ ಮೇಲೆ ಅಂಕಿಗಳ ಇನ್ನೊಂದು ಗುಣವೂ ಕಂಡಿತು. ಯಾವುದನ್ನು ಅಳೆದು ಅದಕ್ಕೆ ಇನಾಮು ಕಟ್ಟುತ್ತೀರೋ ಆ ಅಳತೆಯೇ ಕೆಡಲು ಶುರುವಾಗುತ್ತದೆ ಎಂಬುದು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹೇಳಿದ ಮಾತಿನ ತಾತ್ಪರ್ಯ. ವರ್ಷಕ್ಕೊಮ್ಮೆ ಅಪ್ರೈಸಲ್ ಬರುತ್ತದೆ. ಯಾರು ಎಷ್ಟು ಮಾಡೆಲ್ ಕಟ್ಟಿದರು ಎಂದು ಎಣಿಸಿದರೆ ಮಾಡೆಲ್ಲುಗಳು ಹೆಚ್ಚುತ್ತವೆ, ಅವುಗಳಿಂದಾಗುವ ಉಪಯೋಗ ಹೆಚ್ಚುವುದಿಲ್ಲ. ಹೊಸಬನಿಗೆ ಕಲಿಸಲು ಕೂತವನ ಗಂಟೆ ಯಾವ ಕೋಷ್ಟಕದಲ್ಲೂ ಬರುವುದಿಲ್ಲ. ಒಂದು ತಪ್ಪು ಯೋಜನೆಯನ್ನು ಮೊದಲೇ ತಡೆದವನ ಹೆಸರಿಗೆ ಎಣಿಸಲು ಏನೂ ಉಳಿದಿರುವುದಿಲ್ಲ. ಅಂಥವರ ಕೆಲಸವನ್ನು ನೋಡಿ, ಬರೆದಿಟ್ಟು, ಮೇಲಿನವರ ಮುಂದೆ ಹೇಳುವುದು ಮ್ಯಾನೇಜರನ ಹೊಣೆ. ಅವನು ಹೇಳದಿದ್ದರೆ ಇನ್ನಾರೂ ಹೇಳುವುದಿಲ್ಲ. ಅಂಕಿಯ ಮಿತಿಯನ್ನು ಬಲ್ಲ ಡೇಟಾ ಸೈನ್ಸಿನವನಿಗಿಂತ ಈ ಕೆಲಸಕ್ಕೆ ಯೋಗ್ಯ ಯಾರು?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಗೇಟುಗಳು ಒಟ್ಟು 33. ಉಳಿದ 32 ನಿಂತಿದ್ದರೂ ಲೆಕ್ಕಕ್ಕೆ ಬರಲಿಲ್ಲ. ತುಂಬಿದ ಡ್ಯಾಮಿನ ನೀರು ನದಿಗೆ ಹೋಗುತ್ತಿದ್ದುದನ್ನು ನೋಡುತ್ತ ನಮ್ಮ ಸೀಮೆಯ ಎಷ್ಟು ಮನೆಗಳು ಆ ವಾರ ನಿದ್ದೆ ಮಾಡಲಿಲ್ಲವೋ. ಗೇಟು ತಜ್ಞ ಎನ್. ಕನ್ನಯ್ಯ ನಾಯ್ಡು ಬಂದರು. ಹರಿವ ನೀರಿನಲ್ಲೇ ತಾತ್ಕಾಲಿಕ ಸ್ಟಾಪ್‌ಲಾಗ್ ಗೇಟನ್ನು ತುಂಡುತುಂಡಾಗಿ ಇಳಿಸುವ ಕೆಲಸ ಒಂದು ವಾರದೊಳಗೆ ಮುಗಿಯಿತು. ಕ್ರೇನು ನಡೆಸಿದವರು, ಬೆಸುಗೆ ಹಾಕಿದವರು, ಆ ಸದ್ದಿನ ನಡುವೆ ಹಗ್ಗ ಹಿಡಿದು ನಿಂತವರು, ಲೆಕ್ಕ ಹಾಕಿದ ಎಂಜಿನಿಯರುಗಳು, ಒಬ್ಬರ ಕೆಲಸ ತಪ್ಪಿದರೂ ಆ ಗೇಟು ಕೂರುತ್ತಿರಲಿಲ್ಲ. ಮ್ಯಾನೇಜ್‌ಮೆಂಟ್ ಪಾಠಕ್ಕೆ ನಮ್ಮವರು ಪರದೇಶದ ಪುಸ್ತಕಗಳನ್ನು ತಿರುವುತ್ತಾರೆ, ನಾನೂ ತಿರುವಿದ್ದೇನೆ. ಆ ಒಂದು ವಾರದ ಪಾಠ ಅವುಗಳಿಗೆ ಕಡಿಮೆಯದಲ್ಲ.

ಹಾಗೆಂದು ಬುದ್ಧಿವಂತರೆಲ್ಲ ಮ್ಯಾನೇಜರಾಗಬೇಕು ಎಂದು ನಾನು ಹೇಳಲಾರೆ. ನದಿಯ ಆಚೆ ದಂಡೆಯ ಸೀಮೆಯಲ್ಲಿ, ಹೂವಿನಹಡಗಲಿಯಲ್ಲಿ, 1920ರ ಸೆಪ್ಟೆಂಬರ್ 10ರಂದು ಒಂದು ತೆಲುಗು ಮನೆತನದಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರ ಬದುಕನ್ನು ನೋಡಿ. ಹರಯದಲ್ಲೇ, 1945ರಲ್ಲಿ, ಅವರು ಬರೆದ ಒಂದು ಲೇಖನ ಲೋಕದ ಸಾಂಖ್ಯಿಕ ಶಾಸ್ತ್ರದ ದಿಕ್ಕು ತಿದ್ದಿತು. ಡೇಟಾ ಸೈನ್ಸಿನ ಬುನಾದಿಯಾದ ಸಾಂಖ್ಯಿಕ ಶಾಸ್ತ್ರವನ್ನು ಆಳವಾಗಿ ಕಲಿಯುವವರು ಇವತ್ತಿಗೂ ಅದರಲ್ಲಿನ ಕ್ರಾಮರ್-ರಾವ್ ಮಿತಿಯನ್ನು ಓದುತ್ತಾರೆ. 1972ರಲ್ಲಿ ಮಹಾಲನೋಬಿಸ್ ತೀರಿಕೊಂಡಾಗ ಆ ದೊಡ್ಡ ಸಂಸ್ಥೆಯ ನಿರ್ದೇಶಕರ ಹೊಣೆ ಇವರ ಹೆಗಲಿಗೆ ಬಂತು. ಹೊತ್ತರು, ನಡೆಸಿದರು. 1976ರಲ್ಲಿ ಆ ಹುದ್ದೆ ಬಿಟ್ಟು ಮತ್ತೆ ಪಾಠ, ಸಂಶೋಧನೆಗೆ ಮರಳಿದರು. ಮುಂದೆ ಅಮೆರಿಕಕ್ಕೆ ಹೋಗಿ ದಶಕಗಳ ಕಾಲ ಕೆಲಸ ಮಾಡಿದರು. 2023ರಲ್ಲಿ ಅಂತರರಾಷ್ಟ್ರೀಯ ಸಾಂಖ್ಯಿಕ ಪ್ರಶಸ್ತಿ ಅವರಿಗೆ ಬಂತು. ಅದೇ ವರ್ಷದ ಆಗಸ್ಟಿನಲ್ಲಿ, 102ರ ವಯಸ್ಸಿನಲ್ಲಿ ತೀರಿಕೊಂಡರು. ಅಧಿಕಾರದ ಕುರ್ಚಿಯಿಂದ ಎದ್ದು ಕೆಲಸದ ಮೇಜಿಗೆ ಮರಳಿದ್ದನ್ನು ಇಳಿಕೆ ಎಂದು ಯಾರಾದರೂ ಕರೆಯುವರೇ?

ಆದರೆ ನಮ್ಮ ಮನೆಗಳಲ್ಲಿ ಹಾಗೆ ಕರೆಯುತ್ತಾರೆ. ಮಗ ಮ್ಯಾನೇಜರ್ ಆಗಿದ್ದವನು ಮತ್ತೆ ಡೇಟಾ ಸೈಂಟಿಸ್ಟ್ ಆದ ಎಂದರೆ ಏನೋ ಆಗಿದೆ ಎಂದು ಚಿಂತೆಗೆ ಬೀಳುತ್ತಾರೆ. ಕಂಪನಿಗಳಲ್ಲೂ ಬಹಳಷ್ಟು ಕಡೆ ಸಂಬಳ ಏರಬೇಕೆಂದರೆ ಮಂದಿಯನ್ನು ನಡೆಸಲೇಬೇಕು ಎಂಬ ಕಟ್ಟಳೆ ಇದೆ. ಇದರಿಂದ ಒಬ್ಬ ಒಳ್ಳೆಯ ಕೆಲಸಗಾರ ಹೋಗುತ್ತಾನೆ, ಮನಸ್ಸಿಲ್ಲದ ಒಬ್ಬ ಮ್ಯಾನೇಜರ್ ಬರುತ್ತಾನೆ, ನಷ್ಟ ಎರಡು ಕಡೆ. ಪ್ರಿನ್ಸಿಪಲ್, ಸ್ಟಾಫ್ ಎಂಬ ಹೆಸರಿನಲ್ಲಿ ತಾಂತ್ರಿಕ ದಾರಿಯಲ್ಲೇ ಮೇಲೇರುವ ಹುದ್ದೆಗಳನ್ನು ಕೆಲವು ಕಂಪನಿಗಳು ಮಾಡಿವೆ. ಅವು ಹೆಸರಿಗಷ್ಟೇ ಆಗದೆ, ಸಂಬಳದಲ್ಲೂ ಮರ್ಯಾದೆಯಲ್ಲೂ ಮ್ಯಾನೇಜರನ ಸಮಕ್ಕೆ ನಿಲ್ಲಬೇಕು. ಮ್ಯಾನೇಜರ್ ಕೆಲಸಕ್ಕೆ ಬರುವವನಿಗೆ ಕಳೆದುಕೊಳ್ಳುವುದೂ ಇದೆ. ದಿನವೆಲ್ಲ ಅರ್ಧ ಅರ್ಧ ಗಂಟೆಯ ಮೀಟಿಂಗುಗಳಾಗಿ ಹರಿದು ಹೋಗುತ್ತದೆ. ಕೈಗೆ ಬಂದಿದ್ದ ವಿದ್ಯೆ ತುಕ್ಕು ಹಿಡಿಯುತ್ತದೆ ಎಂಬ ದಿಗಿಲು ಇರುತ್ತದೆ. ಫಲ ಕಾಣಲು ತಿಂಗಳುಗಳು ಬೇಕು, ಕಂಡಾಗ ಅದು ಇನ್ನೊಬ್ಬರ ಹೆಸರಿನಲ್ಲಿರುತ್ತದೆ. ಇನ್ನೊಬ್ಬರ ಹೆಸರಿನಲ್ಲಿ ಕಂಡ ಫಲಕ್ಕೆ ಮನಸ್ಸು ಅರಳುತ್ತದೆಯೇ ಇಲ್ಲವೇ ಎಂಬುದನ್ನು ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳಬೇಕು.

ರಾಯಚೂರಿನಲ್ಲೇ ಈಗ ಟ್ರಿಪಲ್ ಐಟಿ ಇದೆ, 2019ರಲ್ಲಿ ಶುರುವಾಯಿತು. ಕೃಷಿ ವಿಶ್ವವಿದ್ಯಾಲಯವಿದೆ. ಗುಳೆ ಹೊರಡುವ ಮಂದಿ ಹತ್ತುವ ಅದೇ ರಾತ್ರಿ ಬಸ್ಸಿನಲ್ಲಿ ಲ್ಯಾಪ್‌ಟಾಪ್ ಚೀಲ ಹಿಡಿದ ಹುಡುಗ ಹುಡುಗಿಯರೂ ಬೆಂಗಳೂರಿಗೆ ಹತ್ತುತ್ತಿದ್ದಾರೆ. ಇನ್ನು ಕೆಲವು ವರ್ಷಕ್ಕೆ ಅವರಲ್ಲಿ ಅನೇಕರ ಮುಂದೆ ಮ್ಯಾನೇಜರ್ ಆಗಬೇಕೇ ಎಂಬ ಪ್ರಶ್ನೆ ಬರುತ್ತದೆ. ಅವರಿಗೆ ನನ್ನದು ಇಷ್ಟೇ ಮಾತು. ಒಪ್ಪುವ ಮುನ್ನ ಮೂರು ವಿಷಯ ಕೇಳಿ. ತಂಡದಲ್ಲಿ ಯಾರು ಇರುತ್ತಾರೆ, ಅವರನ್ನು ಆರಿಸುವ ಮಾತು ನಿಮಗಿದೆಯೇ? ತಪ್ಪು ಕೆಲಸಕ್ಕೆ ಆಗುವುದಿಲ್ಲ ಎನ್ನುವ ಅಧಿಕಾರ ನಿಮಗಿದೆಯೇ? ಈ ಕೆಲಸ ಒಗ್ಗದಿದ್ದರೆ ಸಂಬಳ, ಮರ್ಯಾದೆ ಕಳೆಯದೆ ಹಳೆಯ ಕೆಲಸಕ್ಕೆ ಮರಳಬಹುದೇ? ಮೂರಕ್ಕೂ ಹೌದು ಎಂಬ ಉತ್ತರ ಬಂದು, ಮಂದಿಯ ಕಷ್ಟಸುಖ ಕೇಳಲು ನಿಮಗೆ ಮನಸ್ಸೂ ಇದ್ದರೆ ಧೈರ್ಯವಾಗಿ ಒಪ್ಪಿಕೊಳ್ಳಿ. ಒಪ್ಪಿಕೊಂಡ ಮೊದಲ ವಾರವೇ ತಂಡದಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವರ ಹತ್ತಿರ ಹೋಗಿ ಕೂತು ಅವರ ಕೆಲಸ ನೋಡಿ. ಅವರಿಗೆ ಅನುಕೂಲವಾಗಿದ್ದರೆ ಉಳಿದವರಿಗೂ ಆಗಿರುತ್ತದೆ. ಮನಸ್ಸಿಲ್ಲದಿದ್ದರೆ ಒಲ್ಲೆ ಅನ್ನಿ. ಚೆನ್ನಾಗಿ ಲೆಕ್ಕ ಹಾಕುವವರೂ ಈ ನಾಡಿಗೆ ಅಷ್ಟೇ ಬೇಕು.